ಮೊದಲು ಬಗ್ ಹುಡುಕಲಿ, ಡೆಫಿನಿಷನ್ ಆಮೇಲೆ

ಪ್ರಶ್ನೆ: ಡಿಗ್ರಿ ಮಕ್ಕಳಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಪಾಠ ಮಾಡ್ತೀನಿ ಸರ್. ಬ್ಲ್ಯಾಕ್ ಬಾಕ್ಸ್ (ಒಳಗಿನ ಕೋಡ್ ನೋಡದೆ ಮಾಡೋ ಟೆಸ್ಟ್), ವೈಟ್ ಬಾಕ್ಸ್ (ಕೋಡ್ ನೋಡಿ ಮಾಡೋದು) ಅಂದ್ರೇನು ಅಂತ ಕೇಳಿದ್ರೆ ಗಡಗಡ ಒಪ್ಪಿಸ್ತಾರೆ, ಪ್ರೋಗ್ರಾಂ ಕೊಟ್ಟು ಟೆಸ್ಟ್ ಮಾಡಿ ಅಂದ್ರೆ ಎರಡು ನಂಬರ್ ಹಾಕಿ "ಸರಿ ಇದೆ ಮೇಡಂ" ಅಂತಾರೆ. ಹೇಗೆ ಕಲಿಸ್ಲಿ?

ಉತ್ತರ: ಮಕ್ಕಳದ್ದು ತಪ್ಪಿಲ್ಲ ಮೇಡಂ, ಇಷ್ಟು ದಿನ ಪ್ರೋಗ್ರಾಂ ರನ್ ಆದ್ರೆ ಸಾಕು ಅಂತ ನಾವೇ ಮಾರ್ಕ್ಸ್ ಕೊಟ್ಟಿದ್ದೀವಿ, ಈಗ ಏಕಾಏಕಿ ತಪ್ಪು ಹುಡುಕಿ ಅಂದ್ರೆ ಹೇಗೆ ಬರುತ್ತೆ ಹೇಳಿ. ಮೊದಲ ಕ್ಲಾಸಲ್ಲಿ ಬೋರ್ಡ್ ಮುಟ್ಟಲೇಬೇಡಿ, ಬೇಕಂತಲೇ ತಪ್ಪಿಟ್ಟ ಪುಟ್ಟ ಪ್ರೋಗ್ರಾಂ ಒಂದನ್ನ ಕೊಟ್ಬಿಡಿ. ನಾನು ಕೊಡೋದು ಅಧಿಕ ವರ್ಷದ್ದು, 4ರಿಂದ ಭಾಗ ಆದ್ರೆ ಅಧಿಕ ವರ್ಷ ಅಂತಷ್ಟೇ ಬರೆದಿರ್ತೀನಿ. 2023, 2024 ಹಾಕ್ತಾರೆ, ಸರಿ ಬರುತ್ತೆ, 2000 ಹಾಕಿದ್ರೂ ಸರಿನೇ, ಮುಗೀತು ಅಂತ ಕೂತ್ಬಿಡ್ತಾರೆ. ಯಾರೋ ಒಬ್ರು 1900 ಹಾಕಿದಾಗ ಅದನ್ನೂ ಅಧಿಕ ವರ್ಷ ಅನ್ನುತ್ತೆ ನೋಡಿ, ಆಗ ಇಡೀ ಲ್ಯಾಬ್ ಆ ಕಂಪ್ಯೂಟರ್ ಹತ್ರ ಬಂದು ನಿಲ್ಲುತ್ತೆ! 100ರಿಂದ ಭಾಗ ಆಗೋ ವರ್ಷ 400ರಿಂದಲೂ ಭಾಗ ಆಗ್ಬೇಕು ಅನ್ನೋ ನಿಯಮ ಆಗ ತೆಗೀರಿ, ಇನ್‌ಪುಟ್‌ನ ಗುಂಪು ಮಾಡಿ ಒಂದೊಂದು ಗುಂಪಿಂದ ಒಂದೊಂದು ಆರಿಸ್ಬೇಕು ಅನ್ನೋದು ಅವರಿಗೇ ಹೊಳೆದಿರುತ್ತೆ, ಈಕ್ವಿವಲೆನ್ಸ್ ಪಾರ್ಟಿಷನಿಂಗ್ ಅನ್ನೋ ಹೆಸರು ಹೇಳೋದಷ್ಟೇ ನಿಮ್ಮ ಕೆಲಸ.

ಸಿಕ್ಕಿದ ಬಗ್‌ನ ಬರೆಸ್ಲೇಬೇಕು, ಏನು ಮಾಡಿದೆ, ಏನು ಬರ್ಬೇಕಿತ್ತು, ಏನು ಬಂತು. ಆ ರಿಪೋರ್ಟನ್ನ ಪಕ್ಕದವರ ಕೈಗೆ ಕೊಡಿ, ಒಂದು ಮಾತೂ ಕೇಳದೆ ಅವರಿಗೆ ಅದೇ ತಪ್ಪು ಕಂಡ್ರೆ ಮಾತ್ರ ಮಾರ್ಕ್ಸ್. "ವರ್ಕ್ ಆಗ್ತಿಲ್ಲ" ಅಂತ ಬರೆಯೋ ಚಾಳಿ ಇದರಿಂದ ಬಿಡೋ ಹಾಗೆ ನೂರು ಸಲ ಹೇಳಿದ್ರೂ ಬಿಡಲ್ಲ.

ಇದೆಲ್ಲ ಯಾಕೆ ಅಂತ ಕೇಳಿದ್ರೆ 1996ರ ಜೂನ್ 4ರ ಏರಿಯಾನ್ 5 ರಾಕೆಟ್ ಕಥೆ ಹೇಳಿ. ಏರಿಯಾನ್ 4ರಲ್ಲಿ ಚೆನ್ನಾಗೇ ಇದ್ದ ಕೋಡ್, ಹೊಸ ರಾಕೆಟ್‌ನ ವೇಗಕ್ಕೆ ಅದನ್ನ ಟೆಸ್ಟ್ ಮಾಡಿರ್ಲಿಲ್ಲ, 64 ಬಿಟ್ ಸಂಖ್ಯೆ 16 ಬಿಟ್ ಜಾಗದಲ್ಲಿ ಹಿಡಿಸ್ಲಿಲ್ಲ, ಹಾರಿ ಒಂದು ನಿಮಿಷ ಆಗೋ ಮೊದಲೇ ಸಿಡಿದುಹೋಯ್ತು.

ಬರೆದಿಟ್ಟ ಟೆಸ್ಟ್‌ಗಳನ್ನ ತಾನೇ ಓಡಿಸೋ ಜೆಯೂನಿಟ್, ಪೈಟೆಸ್ಟ್ ಥರದ ಟೂಲ್ ಎಲ್ಲ ಕೆಲವು ವಾರ ಬಿಟ್ಟು ಶುರು ಮಾಡಿ. ಅಲ್ಲೊಂದು ಮೋಸ ಇದೆ, ಫಂಕ್ಷನ್ ಕರೆದು ಉತ್ತರ ಚೆಕ್ ಮಾಡದೇ ಬಿಟ್ರೂ ಕವರೇಜ್, ಅಂದ್ರೆ ಟೆಸ್ಟ್ ಮಾಡುವಾಗ ಎಷ್ಟು ಕೋಡ್ ಓಡ್ತು ಅನ್ನೋ ಲೆಕ್ಕ, 100% ತೋರಿಸ್ಬಹುದು. ಅದಕ್ಕೆ ಮಕ್ಕಳ ಟೆಸ್ಟ್ ಬಂದ್ಮೇಲೆ ನೀವು ಬೇಕಂತಲೇ ಕೋಡಲ್ಲಿ >= ಇರೋದನ್ನ > ಮಾಡಿ ಮತ್ತೆ ರನ್ ಮಾಡಿಸಿ, ಆಗ್ಲೂ ಎಲ್ಲ ಪಾಸ್ ಅಂತ ಹಸಿರು ಬಂದ್ರೆ ಆ ತಪ್ಪನ್ನ ಹಿಡಿಯದ ಟೆಸ್ಟ್ ವಾಪಸ್ ಕೊಡಿ.