ಫೋನಿಗೆ ವಿಮೆಯಿದೆ, ಬದಲಿ ಫೋನಿನದೇ ತಕರಾರು

ಮೊಬೈಲ್ ಫೋನಿನ ವಿಮೆಯ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: 14 ತಿಂಗಳು ಬಳಸಿದ ನನ್ನ ಫೋನು ಮೆಟ್ಟಿಲ ಮೇಲಿಂದ ಬಿದ್ದು ಪರದೆ ಒಡೆಯಿತು, ಒಳಗಿನ ಮದರ್‌ಬೋರ್ಡ್ ಕೂಡ ಹಾಳಾಯಿತು. ಕೊಳ್ಳುವಾಗಲೇ ವಿಮೆ ಮಾಡಿಸಿದ್ದೆ. ‘ಏನೇ ಆದರೂ ಹೊಸ ಫೋನೇ ಸಿಗುತ್ತದೆ’ ಎಂದು ಮಾರಾಟಗಾರರು ಹೇಳಿದ್ದರು. ಕ್ಲೇಮು ಮಂಜೂರಾದ ಮೇಲೆ ಬೇರೆ ಬಣ್ಣದ, ಯಾರೋ ಬಳಸಿದ್ದ ಫೋನೊಂದನ್ನು ಕಳುಹಿಸಿದ್ದಾರೆ. ಅದರ ಬ್ಯಾಟರಿ ಸಂಜೆಯವರೆಗೂ ಬಾಳುವುದಿಲ್ಲ. ಕೇಳಿದರೆ ‘ಪಾಲಿಸಿಯಲ್ಲಿರುವುದೇ ಹಾಗೆ’ ಎನ್ನುತ್ತಾರೆ. ಇದು ನ್ಯಾಯವೇ?

ಉತ್ತರ: ಅರ್ಧ ನ್ಯಾಯ, ಅರ್ಧ ಅನ್ಯಾಯ. ನಷ್ಟವಾಗುವ ಮೊದಲು ನೀವು ಯಾವ ಸ್ಥಿತಿಯಲ್ಲಿದ್ದಿರೋ ಆ ಸ್ಥಿತಿಗೆ ನಿಮ್ಮನ್ನು ಮರಳಿಸುವುದು ವಿಮೆಯ ಮೂಲ ತತ್ವ. ಅದಕ್ಕಿಂತ ಮೇಲಿನ ಸ್ಥಿತಿಗೆ ಏರಿಸುವುದಲ್ಲ. ನೀವು ಕಳೆದುಕೊಂಡದ್ದು 14 ತಿಂಗಳು ಬಳಸಿದ ಫೋನು. ಹಾಗಾಗಿ ಹೆಚ್ಚಿನ ಪಾಲಿಸಿಗಳಲ್ಲಿ ‘ಅದೇ ಮಾದರಿಯ ಅಥವಾ ಸಮಾನ ಗುಣಮಟ್ಟದ, ಹೊಸದು ಅಥವಾ ನವೀಕರಿಸಿದ ಸಾಧನ’ ಎಂಬ ಅರ್ಥದ ಮಾತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಮತ್ತು ಯಾವುದನ್ನು ಕೊಡಬೇಕೆಂಬ ಆಯ್ಕೆಯನ್ನು ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ. ಮಾರಾಟಗಾರರ ಬಾಯಿಮಾತು ಈ ಸಾಲಿನ ಮುಂದೆ ನಿಲ್ಲುವುದು ಕಷ್ಟ. ಅವರು ಹೇಳಿದ್ದು ಸಂದೇಶದಲ್ಲೋ ಜಾಹೀರಾತಿನಲ್ಲೋ ಬರಹವಾಗಿ ಉಳಿದಿದ್ದರೆ ಮಾತ್ರ ಅದಕ್ಕೆ ತೂಕ ಬರುತ್ತದೆ. ಬಣ್ಣದ ವಿಷಯದಲ್ಲೂ ನಿಮಗೆ ಹೆಚ್ಚಿನ ಹಕ್ಕಿಲ್ಲ. ಅದೇ ಬಣ್ಣ ದೊರೆಯದಿರಬಹುದು ಎಂದು ಷರತ್ತುಗಳಲ್ಲೇ ಬರೆದಿರುವುದು ಸಾಮಾನ್ಯ.

ಆದರೆ ‘ನವೀಕರಿಸಿದ’ ಎಂಬುದಕ್ಕೂ ‘ಹಳೆಯ’ ಎಂಬುದಕ್ಕೂ ವ್ಯತ್ಯಾಸವಿದೆ, ನಿಮ್ಮ ತಕರಾರು ನಿಲ್ಲಬೇಕಾದದ್ದು ಆ ವ್ಯತ್ಯಾಸದ ಮೇಲೆ. ನವೀಕರಿಸಿದ ಫೋನೆಂದರೆ ಪರೀಕ್ಷೆಗೊಳಪಡಿಸಿ, ಕೆಟ್ಟ ಭಾಗಗಳನ್ನು ಬದಲಾಯಿಸಿ, ಪೂರ್ತಿಯಾಗಿ ಕೆಲಸ ಮಾಡುವಂತೆ ಸಿದ್ಧಪಡಿಸಿದ ಫೋನು. ಲಿಥಿಯಂ ಅಯಾನ್ ಬ್ಯಾಟರಿಯು ಬಳಕೆಯಿಂದ ಸವೆಯುವ ವಸ್ತು. ಸುಮಾರು 500 ಪೂರ್ಣ ಚಾರ್ಜ್‌ಗಳ ನಂತರ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಳ್ಳಬೇಕು ಎಂಬುದು ತಯಾರಕರು ಬಹುಕಾಲ ಇಟ್ಟುಕೊಂಡು ಬಂದ ಅಳತೆ, ಇತ್ತೀಚಿನ ಕೆಲವು ಮಾದರಿಗಳಲ್ಲಿ ಇದು 1000 ಚಾರ್ಜ್‌ಗಳವರೆಗೂ ಹೋಗಿದೆ. ಸೆಟ್ಟಿಂಗ್‌ಗಳಲ್ಲಿ ಬ್ಯಾಟರಿಯ ಆರೋಗ್ಯವನ್ನು ತೋರಿಸುವ ಪುಟ ನಿಮ್ಮ ಫೋನಿನಲ್ಲಿದ್ದರೆ ಅದನ್ನು ತೆರೆದು ಸ್ಕ್ರೀನ್‌ಶಾಟ್ ತೆಗೆದಿಡಿ. ಶೇ 80ಕ್ಕಿಂತ ಕೆಳಗಿದ್ದರೆ ‘ಬ್ಯಾಟರಿ ಬೇಗ ಇಳಿಯುತ್ತದೆ’ ಎಂಬ ಗೊಣಗಾಟವನ್ನು ಬಿಟ್ಟು, ‘ನೀವು ಕೊಟ್ಟ ಸಾಧನ ನನ್ನ ಹಳೆಯ ಸಾಧನಕ್ಕೆ ಸಮಾನವಾಗಿಲ್ಲ, ಬ್ಯಾಟರಿಯ ಸಾಮರ್ಥ್ಯ ಇಷ್ಟಿದೆ, ಬ್ಯಾಟರಿ ಹೊಸದು ಹಾಕಿಕೊಡಿ ಅಥವಾ ಬೇರೆ ಫೋನು ಕೊಡಿ’ ಎಂದು ಬರೆಯಿರಿ. ಮೊದಲನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯದಕ್ಕೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ.

ಬದಲಿ ಫೋನು ಕೈಗೆ ಬಂದ ದಿನವೇ ಇನ್ನೂ ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು. ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ, ಅಂದರೆ ಆ ಫೋನಿಗೇ ಮೀಸಲಾದ ಗುರುತಿನ ಸಂಖ್ಯೆ, ಪರದೆಯ ಮೇಲೆ ಬರುತ್ತದೆ. ಎರಡು ಸಿಮ್‌ಗಳ ಫೋನಾದರೆ ಎರಡು ಸಂಖ್ಯೆಗಳು ಬರುತ್ತವೆ. ಅದು ಪೆಟ್ಟಿಗೆಯ ಮೇಲಿನ ಹಾಗೂ ಕಂಪನಿಯ ಪತ್ರದಲ್ಲಿನ ಸಂಖ್ಯೆಯೊಂದಿಗೆ ಹೊಂದುತ್ತದೆಯೇ, ಸಂಗ್ರಹಣಾ ಸಾಮರ್ಥ್ಯ ನಿಮ್ಮ ಹಳೆಯ ಫೋನಿನಷ್ಟೇ ಇದೆಯೇ, ಹಿಂದಿನ ಬಳಕೆದಾರರ ಗೂಗಲ್ ಅಥವಾ ಆ್ಯಪಲ್ ಖಾತೆಯ ಬೀಗ ಉಳಿದುಕೊಂಡಿದೆಯೇ ಎಂದು ಪರೀಕ್ಷಿಸಿ. ಇದರೊಂದಿಗೆ ಬಹಳ ಮಂದಿ ಮರೆಯುವ ಒಂದು ಮಾತಿದೆ. ನಿಮ್ಮ ಪಾಲಿಸಿ ಹಳೆಯ ಐಎಂಇಐ ಸಂಖ್ಯೆಗೆ ಕಟ್ಟಿಕೊಂಡಿರುವುದರಿಂದ, ಉಳಿದ ಅವಧಿಗೆ ಅದನ್ನು ಹೊಸ ಸಂಖ್ಯೆಗೆ ವರ್ಗಾಯಿಸಿದ್ದಾರೆಯೇ ಅಥವಾ ಈ ಕ್ಲೇಮಿನೊಂದಿಗೇ ಪಾಲಿಸಿ ಮುಗಿದುಹೋಯಿತೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ವರ್ಗಾವಣೆಯಾಗದ ಪಾಲಿಸಿಗೆ ತಿಂಗಳು ತಿಂಗಳೂ ಕಂತು ಕಟ್ಟುವುದು ದಂಡ.

ಪ್ರಶ್ನೆ: ಬದಲಿ ಫೋನಿನ ಬದಲು ಹಣ ಕೊಡುತ್ತೇವೆ ಎಂದು ಹೇಳಿ, ಖರೀದಿ ಬೆಲೆಯ ಅರ್ಧದಷ್ಟನ್ನು ಮಾತ್ರ ಕೊಟ್ಟಿದ್ದಾರೆ. ಲೆಕ್ಕ ತಪ್ಪಿದೆಯೇ?

ಉತ್ತರ: ತಪ್ಪಿರಲೂಬಹುದು, ಇಲ್ಲದಿರಲೂಬಹುದು. ಎರಡು ಕಡಿತಗಳನ್ನು ನೋಡಿ. ಒಂದು ಸವಕಳಿ, ಅಂದರೆ ಫೋನಿನ ವಯಸ್ಸಿಗೆ ತಕ್ಕಂತೆ ಬೆಲೆಯಲ್ಲಿ ಇಳಿಸುವ ಭಾಗ. ಇನ್ನೊಂದು ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಪಾಲು, ಇದನ್ನು ಡಿಡಕ್ಟಿಬಲ್ ಅಥವಾ ಎಕ್ಸೆಸ್ ಎನ್ನುತ್ತಾರೆ. ಉದಾಹರಣೆಗೆ ಸವಕಳಿ ಶೇ 40 ಇದ್ದು, ನಿಮ್ಮ ಪಾಲು ಖರೀದಿ ಬೆಲೆಯ ಶೇ 10 ಎಂದಿದ್ದರೆ ಕೈಗೆ ಬರುವುದು ಅರ್ಧ ಬೆಲೆಯೇ. ಸವಕಳಿಯ ಪಟ್ಟಿ ಪಾಲಿಸಿಯಲ್ಲಿ ಮೊದಲೇ ಅಚ್ಚಾಗಿದ್ದರೆ ವಾದಿಸಿ ಫಲವಿಲ್ಲ. ಪಟ್ಟಿಯೇ ಇಲ್ಲದೆ ತಮಗೆ ತೋಚಿದ ಪ್ರಮಾಣವನ್ನು ಕಡಿದಿದ್ದರೆ, ಯಾವ ಆಧಾರದ ಮೇಲೆ ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನನ್ನ ಫೋನು ‘ಐಪಿ68’ ದರ್ಜೆಯದು, ನೀರಿಗೆ ಬಗ್ಗುವುದಿಲ್ಲವೆಂದು ನಂಬಿದ್ದೆ. ನೀರಿನ ತೊಟ್ಟಿಗೆ ಬಿದ್ದು ಕೆಟ್ಟಿತು. ತಯಾರಕರು ವಾರಂಟಿ ಇಲ್ಲ ಎಂದರು, ವಿಮೆಯವರು ‘ಹಳೆಯ ತೇವಾಂಶದ ಹಾನಿ’ ಎಂದು ತಿರಸ್ಕರಿಸಿದರು. ಅತ್ತ ದರಿ, ಇತ್ತ ಪುಲಿ ಎಂಬಂತಾಗಿದೆ.

ಉತ್ತರ: ಮೊದಲು ದರ್ಜೆಯ ವಿಷಯ. ಐಪಿ ಎಂಬುದು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತು. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ನೀರಿನ ದರ್ಜೆ 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ; 8 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಗೊತ್ತುಮಾಡಿದ ಆಳ ಮತ್ತು ಅವಧಿ. ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ಹೊಸ ಫೋನಿನ ಮೇಲೆ, ಶುದ್ಧವಾದ ಸಿಹಿನೀರಿನಲ್ಲಿ. ಸೋಪಿನ ನೀರು, ಉಪ್ಪುನೀರು, ರಭಸದ ಧಾರೆ ಇವು ಅದರ ಲೆಕ್ಕಕ್ಕೆ ಬರುವುದಿಲ್ಲ. ಅಂಚಿನ ಅಂಟು ಮತ್ತು ರಬ್ಬರಿನ ಬಿಗಿತ ವರ್ಷಗಳು ಕಳೆದಂತೆ ಸಡಿಲವಾಗುತ್ತವೆ, ಒಮ್ಮೆ ಬಿದ್ದು ಚೌಕಟ್ಟು ಕೊಂಚ ಬಾಗಿದರೂ ಸಾಕು. ಆದ್ದರಿಂದಲೇ ನೀರಿನ ಹಾನಿಯನ್ನು ವಾರಂಟಿಯಿಂದ ಹೊರಗಿಡುವುದು ತಯಾರಕರ ರೂಢಿ. ಜಾಹೀರಾತಿನಲ್ಲಿ ಫೋನನ್ನು ನೀರಿನಲ್ಲಿ ಮುಳುಗಿಸಿ ತೋರಿಸುವವರೇ ವಾರಂಟಿ ಪತ್ರದಲ್ಲಿ ಹೀಗೆ ಕೈತೊಳೆದುಕೊಳ್ಳುವುದು ನನಗೆ ಸರಿಯೆನಿಸಿಲ್ಲ, ಆದರೆ ಪತ್ರದಲ್ಲಿರುವುದು ಹಾಗೆಯೇ.

ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ, ವಿಮೆ ಇರುವುದು ಆಕಸ್ಮಿಕ ಹಾನಿಗೆ. ಹಾಗಾಗಿ ನಿಮ್ಮ ಹೋರಾಟ ವಿಮೆಯವರೊಂದಿಗೆ ಮಾತ್ರ. ಅನೇಕ ಫೋನುಗಳಲ್ಲಿ ಸಿಮ್ ಟ್ರೇ ಹೊರಗೆಳೆದು ಆ ಸಂದಿಗೆ ಬೆಳಕು ಬಿಟ್ಟರೆ ಒಳಗೊಂದು ಸಣ್ಣ ಚೀಟಿ ಕಾಣುತ್ತದೆ. ಒಣಗಿರುವಾಗ ಬೆಳ್ಳಗಿರುವ ಅದು ನೀರು ತಾಗಿದರೆ ಕೆಂಪಾಗುತ್ತದೆ, ಮತ್ತೆ ಒಣಗಿದರೂ ಬಿಳಿಯಾಗುವುದಿಲ್ಲ. ಸರ್ವಿಸ್ ಸೆಂಟರಿನವರು ನೋಡುವುದು ಈ ಚೀಟಿಯನ್ನು ಮತ್ತು ಮದರ್‌ಬೋರ್ಡಿನ ಮೇಲಿನ ತುಕ್ಕನ್ನು. ಚೀಟಿ ನೀರು ತಾಗಿತೆಂದು ಹೇಳುತ್ತದೆಯೇ ಹೊರತು ಯಾವ ದಿನ ತಾಗಿತೆಂದು ಹೇಳುವುದಿಲ್ಲ. ತುಕ್ಕು ಮಾತ್ರ ಒಂದಿಷ್ಟು ಕಾಲದ ಸುಳಿವು ಕೊಡಬಲ್ಲದು, ಆದರೆ ಬಿದ್ದ ಫೋನನ್ನು ನೀವು ಹಲವು ದಿನ ಅಕ್ಕಿಯ ಡಬ್ಬದಲ್ಲಿಟ್ಟು ಆಮೇಲೆ ಕೊಂಡೊಯ್ದಿದ್ದರೆ ಆ ದಿನಗಳಲ್ಲೂ ತುಕ್ಕು ಬೆಳೆದಿರುತ್ತದೆ. ಆದ್ದರಿಂದ ತಪಾಸಣೆಯ ವರದಿಯನ್ನೂ ಫೋನು ಬಿಚ್ಚಿದಾಗ ತೆಗೆದ ಫೋಟೋಗಳನ್ನೂ ಕೇಳಿ ಪಡೆಯಿರಿ. ‘ಹಳೆಯ ಹಾನಿ’ ಎಂಬ ತೀರ್ಮಾನಕ್ಕೆ ಯಾವ ಗುರುತಿನಿಂದ ಬಂದಿರಿ ಎಂದು ಕೇಳಿ. ಹಿಂದಿನ ದಿನದವರೆಗೂ ಆ ಫೋನಿನಿಂದ ಕರೆ ಮಾಡಿದ ದಾಖಲೆ, ತೆಗೆದ ಚಿತ್ರಗಳ ದಿನಾಂಕ ನಿಮ್ಮ ಕಡೆಯ ಸಾಕ್ಷ್ಯಗಳು.

ಕ್ಲೇಮು ಅರ್ಜಿಯಲ್ಲಿ ‘ಘಟನೆಯ ವಿವರ’ ಎಂಬ ಖಾಲಿ ಜಾಗವಿರುತ್ತದೆ. ಅದರಲ್ಲಿ ‘ಫೋನು ಇದ್ದಕ್ಕಿದ್ದಂತೆ ಆಫ್ ಆಯಿತು’ ಎಂದು ಬರೆದು ಕ್ಲೇಮು ಕಳೆದುಕೊಂಡವರು ಬಹಳ. ಆ ವಾಕ್ಯವನ್ನು ಓದುವ ಗುಮಾಸ್ತರಿಗೆ ಅಲ್ಲಿ ಅಪಘಾತವೇ ಕಾಣುವುದಿಲ್ಲ, ಯಂತ್ರದೋಷ ಕಾಣುತ್ತದೆ, ಯಂತ್ರದೋಷ ವಾರಂಟಿಯ ಪಾಲು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡುತ್ತಿದ್ದಾಗ ಬಿತ್ತು, ಬಿದ್ದ ಮೇಲೆ ಏನೇನು ನಿಂತುಹೋಯಿತು ಎಂದು ನಡೆದದ್ದನ್ನು ನಡೆದಂತೆ ಬರೆಯಬೇಕು. ಫೋನಿನಲ್ಲಿ ಹೇಳಿದ್ದೂ ಅರ್ಜಿಯಲ್ಲಿ ಬರೆದದ್ದೂ ಸರ್ವಿಸ್ ಸೆಂಟರಿನಲ್ಲಿ ತಿಳಿಸಿದ್ದೂ ಒಂದಕ್ಕೊಂದು ಹೊಂದಬೇಕು. ಇಲ್ಲದ್ದನ್ನು ಸೇರಿಸಬೇಡಿ, ಒಂದು ಸುಳ್ಳು ಸಿಕ್ಕಿಬಿದ್ದರೆ ಇಡೀ ಕ್ಲೇಮು ಬಿದ್ದುಹೋಗುತ್ತದೆ.

ಪ್ರಶ್ನೆ: ಗ್ರಂಥಾಲಯದ ಮೇಜಿನ ಮೇಲೆ ಫೋನಿಟ್ಟು ಪುಸ್ತಕ ತರಲು ಎದ್ದುಹೋದೆ, ಮರಳುವಷ್ಟರಲ್ಲಿ ಮಾಯವಾಗಿತ್ತು. ಇದು ಕಳ್ಳತನವಲ್ಲ ಎನ್ನುತ್ತಾರೆ ವಿಮೆಯವರು.

ಉತ್ತರ: ಕಳ್ಳತನವಲ್ಲ ಎಂದು ಅವರು ಹೇಳುತ್ತಿರಲಾರರು, ತಮ್ಮ ಪಾಲಿಸಿಯ ವ್ಯಾಪ್ತಿಗೆ ಬರುವ ಬಗೆಯ ಕಳ್ಳತನವಲ್ಲ ಎನ್ನುತ್ತಿರಬೇಕು. ಕಸಿದುಕೊಂಡದ್ದು, ಬೀಗ ಒಡೆದು ಒಯ್ದದ್ದು, ಗಮನವಿಲ್ಲದೆ ಬಿಟ್ಟಾಗ ಹೋದದ್ದು, ಎಲ್ಲಿ ಹೋಯಿತೆಂದೇ ತಿಳಿಯದ್ದು ಇವು ನಾಲ್ಕೂ ಪಾಲಿಸಿಯ ಕಣ್ಣಿಗೆ ಬೇರೆ ಬೇರೆ. ಮೊದಲ ಎರಡಕ್ಕೆ ಪರಿಹಾರ ಕೊಡುವ ಅನೇಕ ಪಾಲಿಸಿಗಳು ಕೊನೆಯ ಎರಡನ್ನು ಹೊರಗಿಡುತ್ತವೆ. ಹಾನಿಗೆ ಮಾತ್ರ ಅನ್ವಯಿಸುವ, ಕಳವಿನ ಮಾತೇ ಇಲ್ಲದ ಪಾಲಿಸಿಗಳೂ ಇವೆ. ನಿಮ್ಮ ಪಾಲಿಸಿಯಲ್ಲಿ ‘ಗಮನವಿಲ್ಲದೆ ಬಿಟ್ಟ’ ಎಂಬುದಕ್ಕೆ ವ್ಯಾಖ್ಯೆ ಕೊಟ್ಟಿದ್ದಾರೆಯೇ ನೋಡಿ. ಕೆಲವೇ ಹೆಜ್ಜೆ ದೂರದಲ್ಲಿ, ಮೇಜು ಕಾಣುವಂತೆ ನೀವು ನಿಂತಿದ್ದರೆ ಆ ಪದವನ್ನು ನಿಮಗೆ ಹಚ್ಚುವುದು ಸುಲಭವಲ್ಲ. ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆಯಾದ ಎಫ್‌ಸಿಎ 2013ರಲ್ಲಿ ಮೊಬೈಲ್ ವಿಮೆಯ ಷರತ್ತುಗಳನ್ನೂ ಕ್ಲೇಮು ನಿರ್ವಹಣೆಯನ್ನೂ ಪರಿಶೀಲಿಸಿ ಒಂದು ವರದಿಯನ್ನೇ ಹೊರತಂದಿತು ಎಂದರೆ, ತೊಡಕು ನಿಮ್ಮೊಬ್ಬರದಲ್ಲ.

ಸಿಮ್ ನಿಲ್ಲಿಸಿ, ಪೊಲೀಸರಿಗೆ ದೂರು ಕೊಟ್ಟು ಪ್ರತಿ ಪಡೆದು, ಐಎಂಇಐ ಸಂಖ್ಯೆಯನ್ನು ನಿರ್ಬಂಧಿಸಲು ಕೋರಿ, ವಿಮೆಯವರಿಗೆ ಗಡುವಿನೊಳಗೆ ತಿಳಿಸುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಗಡುವು ಅನೇಕ ಪಾಲಿಸಿಗಳಲ್ಲಿ ಗಂಟೆಗಳ ಲೆಕ್ಕದಲ್ಲಿರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಗೊತ್ತಿಲ್ಲದ್ದು ಇದು: ಕಳೆದ ಫೋನನ್ನು ನಿಮ್ಮ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ತೆಗೆದುಹಾಕಬಾರದು. ತೆಗೆದರೆ ಅದಕ್ಕೆ ಬಿದ್ದಿರುವ ಬೀಗ ಬಿಚ್ಚಿಕೊಂಡು ಕದ್ದವರಿಗೆ ಅನುಕೂಲವಾಗುತ್ತದೆ, ಕೆಲವು ಪಾಲಿಸಿಗಳಲ್ಲಿ ಕ್ಲೇಮೂ ಕೈತಪ್ಪುತ್ತದೆ. ದುರಸ್ತಿಗೆ ಅಥವಾ ಬದಲಿಗಾಗಿ ಒಪ್ಪಿಸುವ ಫೋನಿಗೆ ಇದರ ತದ್ವಿರುದ್ಧ ನಿಯಮ. ಅಲ್ಲಿ ಬೀಗ ತೆಗೆಯದಿದ್ದರೆ ಅವರು ಫೋನನ್ನು ಸ್ವೀಕರಿಸುವುದೇ ಇಲ್ಲ. ಪರದೆ ಸತ್ತಿದ್ದರೆ ಬೇರೊಂದು ಕಂಪ್ಯೂಟರಿನಿಂದ ಖಾತೆಗೆ ಹೋಗಿ ತೆಗೆಯಬಹುದು. ‘ನಿಮ್ಮ ಫೋನು ಸಿಕ್ಕಿದೆ, ಪಾಸ್‌ವರ್ಡ್ ಕೊಡಿ’ ಎಂದು ಸಂದೇಶ ಬಂದರೆ ಅದು ಬೀಗ ತೆಗೆಸಲು ಕಳ್ಳರು ಹೂಡಿದ ಆಟ.

ಪ್ರಶ್ನೆ: ಮಾರಿದವರನ್ನು ಕೇಳಿದರೆ ಸರ್ವಿಸ್ ಸೆಂಟರ್ ಎನ್ನುತ್ತಾರೆ, ಅವರು ಬಿಡಿಭಾಗ ಬಂದಿಲ್ಲ ಎನ್ನುತ್ತಾರೆ, ಸಹಾಯವಾಣಿಯವರು ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತು ಆಡುತ್ತಾರೆ. ದೂರು ಯಾರ ಮೇಲೆ ಕೊಡಲಿ?

ಉತ್ತರ: ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬಂತೆ, ಮಂಜೂರಾದ ಕ್ಲೇಮು ಇಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಲಿಸಿ ಮಾರುವವರು, ಕ್ಲೇಮು ನೋಡಿಕೊಳ್ಳುವವರು, ದುರಸ್ತಿ ಮಾಡುವವರು, ಹಣ ಕೊಡುವ ವಿಮಾ ಕಂಪನಿ ಇವರು ಬಹುಮಟ್ಟಿಗೆ ನಾಲ್ಕು ಬೇರೆ ಸಂಸ್ಥೆಗಳು. ನಿಮ್ಮೊಂದಿಗೆ ಒಪ್ಪಂದವಿರುವುದು ಪಾಲಿಸಿ ಪತ್ರದಲ್ಲಿ ಹೆಸರಿರುವ ಕಂಪನಿಗೆ; ಉಳಿದವರ ವಿಳಂಬಕ್ಕೂ ಅದೇ ಹೊಣೆ. ಕ್ಲೇಮು ಸಂಖ್ಯೆ, ಫೋನು ಒಪ್ಪಿಸಿದ ದಿನಾಂಕ, ಒಪ್ಪಿಸುವಾಗ ಕೊಟ್ಟ ರಸೀದಿ, ಮಂಜೂರಾದ ಸಂದೇಶ ಇಷ್ಟನ್ನು ಲಗತ್ತಿಸಿ ಆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಬಿಡಿಭಾಗ ಸಿಗದಿದ್ದರೆ ಬದಲಿ ಫೋನು ಅಥವಾ ಹಣ ಕೊಡಿ ಎಂದು ನಿಚ್ಚಳವಾಗಿ ಕೇಳಿ, ಉತ್ತರಕ್ಕೆ ಒಂದು ದಿನಾಂಕ ನಮೂದಿಸಿ. ಬಾಯಿಮಾತಿನ ತಿರಸ್ಕಾರವನ್ನು ಒಪ್ಪಿಕೊಳ್ಳಬೇಡಿ. ಯಾವ ಷರತ್ತಿನ ಅಡಿಯಲ್ಲಿ ಎಂದು ಷರತ್ತಿನ ಸಂಖ್ಯೆಸಹಿತ ಪತ್ರ ಕೈಯಲ್ಲಿದ್ದರೆ ಮಾತ್ರ ಮುಂದೆ ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಅಥವಾ ಗ್ರಾಹಕ ನ್ಯಾಯಾಲಯದಂಥ ಮೇಲಿನ ಕದ ತಟ್ಟಲು ದಾರಿ ಸುಗಮ.

ಒಂದು ಎಚ್ಚರಿಕೆ. ‘ರಕ್ಷಣಾ ಯೋಜನೆ’ ಎಂಬ ಹೆಸರಿನಲ್ಲಿ ಮಾರುವುದೆಲ್ಲ ವಿಮೆಯಲ್ಲ. ಕೆಲವು ಕೇವಲ ಸೇವಾ ಒಪ್ಪಂದಗಳು, ಅವುಗಳ ಹಿಂದೆ ವಿಮಾ ಕಂಪನಿಯೇ ಇರುವುದಿಲ್ಲ, ಹಾಗಾಗಿ ವಿಮೆಯ ದೂರು ವ್ಯವಸ್ಥೆ ಅವುಗಳಿಗೆ ತಾಗದಿರಬಹುದು. ನಿಮ್ಮ ಪತ್ರದಲ್ಲಿ ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆ ಕಾಣದಿದ್ದರೆ ನಿಮ್ಮದು ಆ ಬಗೆಯದೆಂದು ಅನುಮಾನಿಸಬಹುದು.

ಪ್ರಶ್ನೆ: ಇಷ್ಟೆಲ್ಲ ಪಾಡಿದ್ದರೆ ವಿಮೆ ಮಾಡಿಸುವುದೇ ಬೇಡವೇ?

ಉತ್ತರ: ಕಂತುಗಳ ಒಟ್ಟು ಮೊತ್ತಕ್ಕೆ ಒಂದು ಕ್ಲೇಮಿನಲ್ಲಿ ನೀವು ಭರಿಸುವ ಪಾಲನ್ನು ಕೂಡಿಸಿ, ಒಂದು ಪರದೆ ಬದಲಾಯಿಸುವ ಖರ್ಚಿನೊಂದಿಗೆ ಹೋಲಿಸಿ ನೋಡಿ. ದುಬಾರಿ ಫೋನಿಗೆ, ಮೊದಲ ವರ್ಷ, ಕೈಜಾರಿಸುವ ಅಭ್ಯಾಸ ಇರುವವರಿಗೆ ವಿಮೆ ಲಾಭವೇ. ಮೂರು ವರ್ಷ ಹಳೆಯ ಫೋನಿಗೆ ಕಂತು ಕಟ್ಟುತ್ತಿದ್ದರೆ ನಿಲ್ಲಿಸಿ. ಮನೆಯ ವಿಮೆಯಲ್ಲೋ ಕ್ರೆಡಿಟ್ ಕಾರ್ಡಿನ ಸೌಲಭ್ಯದಲ್ಲೋ ಫೋನು ಈಗಾಗಲೇ ಸೇರಿದೆಯೇ ಎಂದೂ ನೋಡಿ. ಗ್ರಾಹಕರಿಗೆ ಇಂಥ ರಕ್ಷಣೆ ಮೊದಲೇ ಇದೆಯೇ, ಅವರಿಗೆ ಇದು ಬೇಕೇ ಎಂದು ವಿಚಾರಿಸಲು ಮಾರಾಟ ಸಿಬ್ಬಂದಿಗೆ ಸರಿಯಾದ ತರಬೇತಿ ಕೊಡದೆ ಮೊಬೈಲ್ ವಿಮೆ ಮಾರಿದ್ದಕ್ಕಾಗಿ ಬ್ರಿಟನ್ನಿನ ದೊಡ್ಡ ಮಾರಾಟ ಸಂಸ್ಥೆ ಕಾರ್‌ಫೋನ್ ವೇರ್‌ಹೌಸ್‌ಗೆ 2019ರಲ್ಲಿ ಎಫ್‌ಸಿಎ 2 ಕೋಟಿ 90 ಲಕ್ಷ ಪೌಂಡ್‌ಗೂ ಹೆಚ್ಚಿನ ದಂಡ ವಿಧಿಸಿತ್ತು.

ಪ್ರಶ್ನೆ: ಫೋನಿನಲ್ಲಿದ್ದ ಫೋಟೋಗಳಿಗೂ ಪರಿಹಾರ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಸಾಮಾನ್ಯ ಮೊಬೈಲ್ ವಿಮೆ ಯಂತ್ರಕ್ಕಷ್ಟೇ. ಬದಲಿ ಫೋನು ಪಡೆದ ಮೇಲೆ ಹಳೆಯದು ಕಂಪನಿಯ ಸ್ವತ್ತಾಗುವುದರಿಂದ, ಒಪ್ಪಿಸುವ ಮೊದಲೇ ಬ್ಯಾಕಪ್ ಮಾಡಿಕೊಂಡು ಎಲ್ಲವನ್ನೂ ಅಳಿಸಿಬಿಡಿ. ಬ್ಯಾಂಕು ಮತ್ತು ಮಿಂಚಂಚೆಗೆ ಲಾಗಿನ್ ಸಂಕೇತ ತೋರಿಸುವ ಆಥೆಂಟಿಕೇಟರ್ ಆ್ಯಪ್ ಅದೇ ಫೋನಿನಲ್ಲಿದ್ದರೆ, ಅಳಿಸುವ ಮುನ್ನ ಅದನ್ನು ಇನ್ನೊಂದು ಸಾಧನಕ್ಕೆ ವರ್ಗಾಯಿಸಿ. ಇಲ್ಲವಾದರೆ ಬದಲಿ ಫೋನು ಕೈಯಲ್ಲಿದ್ದರೂ ಆ ಖಾತೆಗಳೊಳಗೆ ಹೋಗಲು ಬೇರೆಯೇ ಪರದಾಟ ಶುರುವಾಗುತ್ತದೆ.