ತೋಳು ಉದ್ದ ಮಾಡುವ ಆಪರೇಷನ್ ಮಾಡಿಸಿಕೊಳ್ಳಬಹುದಾ? ಅಪಾಯ ಎಷ್ಟು?

ನೀವು ಕೇಳಿದ್ದು ಇಷ್ಟು: ವಯಸ್ಸು 25, ಎತ್ತರ 172 ಸೆಂಟಿಮೀಟರ್, ಎರಡೂ ಕೈ ಚಾಚಿ ಅಳೆದರೆ 166. ಬೇರೆ ತೊಂದರೆ ಎಂತದೂ ಇಲ್ಲ, ನೋಡಲಿಕ್ಕೆ ಕೈ ಗಿಡ್ಡ ಅನಿಸುತ್ತದೆ. ಎರಡೂ ರಟ್ಟೆಯ ಮೂಳೆ 6 ಸೆಂಟಿಮೀಟರ್ ಉದ್ದ ಮಾಡಿಸಿದರೆ ಹೇಗೆ, ಮಂಗಳೂರಿನಲ್ಲಿ ಮಾಡುತ್ತಾರಾ?

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವವನು. ಮೂಳೆ ಕತ್ತರಿಸುವುದು ನನ್ನ ಕೆಲಸ ಅಲ್ಲ. ಆಪರೇಷನ್ ಆದ ಮೇಲೆ ಮಡಚಲಿಕ್ಕಾಗದ, ಎತ್ತಲಿಕ್ಕಾಗದ ಕೈ ನಮ್ಮ ಟೇಬಲ್ ಮೇಲೆ ಬರುತ್ತದೆ. ಆ ಕಡೆಯಿಂದ ನೋಡಿ ಹೇಳುವುದಾದರೆ, ಬೇಡ ಮಾರಾಯ್ರೆ.

ಮೊದಲು ನಿಮ್ಮ ಲೆಕ್ಕವೇ ತಪ್ಪಿದೆ. ಕೈ ಚಾಚಿದ ಅಳತೆಯಲ್ಲಿ ಎರಡೂ ಕೈ ಸೇರಿರುತ್ತದೆ, ಭುಜದ ಅಗಲವೂ ಸೇರಿರುತ್ತದೆ. 6 ಸೆಂಟಿಮೀಟರ್ ಕಮ್ಮಿ ಅಂದರೆ ಒಂದು ಕೈಯ ಪಾಲಿಗೆ 3. ನೀವು ಹೇಳಿದ ಹಾಗೆ ಒಂದೊಂದಕ್ಕೂ 6 ಹಾಕಿಸಿದರೆ ಅಳತೆ 178 ಆಗಿ, ಎತ್ತರವನ್ನೇ ದಾಟುತ್ತದೆ. ಅದೂ ಮೊಣಕೈಯಿಂದ ಕೆಳಗೆ ಎಂತದೂ ಬದಲಾಗದೆ. ಮೊಣಕೈ ಮಾತ್ರ ಸೊಂಟದ ಕಡೆಗೆ ಇಳಿಯುತ್ತದೆ. ಮನೆಯಲ್ಲಿ ಅಳೆಯುವಾಗ ಭುಜ ಮುಂದಕ್ಕೆ ಬಾಗಿದ್ದರೂ ಅಳತೆ ಕಮ್ಮಿ ಬರುತ್ತದೆ. ಬೆನ್ನು ಗೋಡೆಗೆ ಒತ್ತಿ ನಿಂತು ಇನ್ನೊಬ್ಬರಿಂದ ಅಳೆಸಿ. ಎತ್ತರಕ್ಕಿಂತ ಕೈಯ ಅಳತೆ ನಾಲ್ಕೈದು ಸೆಂಟಿಮೀಟರ್ ಆಚೀಚೆ ಇರುವವರು ಬೇಕಷ್ಟು ಜನ ಇದ್ದಾರೆ. ಅದು ಕಾಯಿಲೆ ಅಲ್ಲ.

ಈಗ ಆಪರೇಷನ್. ಈ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದವರು ಸೈಬೀರಿಯಾದ ಕುರ್ಗಾನ್ ಊರಿನ ಡಾಕ್ಟರ್ ಗವ್ರಿಲ್ ಇಲಿಜರೋವ್. ಮೂಳೆಯನ್ನು ಅಡ್ಡಕ್ಕೆ ಕತ್ತರಿಸಿ, ಚರ್ಮದ ಹೊರಗಿಂದ ಮೂಳೆಗೆ ತಂತಿ, ಸರಳು ತೂರಿಸಿ ಕಬ್ಬಿಣದ ಚೌಕಟ್ಟು ಕಟ್ಟುತ್ತಾರೆ. ಸುಮಾರು ಒಂದು ವಾರ ಕಾದು, ನಂತರ ದಿನಕ್ಕೆ 1 ಮಿಲಿಮೀಟರಿನಷ್ಟು ಎಳೆಯುತ್ತಾರೆ. ಅದನ್ನೂ ಒಂದೇ ಸಲ ಅಲ್ಲ, ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ ನಟ್ಟು ತಿರುಗಿಸಬೇಕು. ಬಿಟ್ಟ ಸಂದಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಅದು ಗಟ್ಟಿಯಾಗುವವರೆಗೆ ಎಲ್ಲ ಸೇರಿ ಸೆಂಟಿಮೀಟರಿಗೆ ಹೆಚ್ಚುಕಮ್ಮಿ ಒಂದು ತಿಂಗಳು ಅಂತ ಹಿಡಿಯಿರಿ. ನಿಮ್ಮ 6 ಸೆಂಟಿಮೀಟರಿಗೆ ಅರ್ಧ ವರ್ಷ ಚೌಕಟ್ಟು ಹೊತ್ತು ತಿರುಗಬೇಕು.

ರಟ್ಟೆಯ ಮೂಳೆ ಸಾಧಾರಣವಾಗಿ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ಕಾಲಿನ ಹಾಗೆ ಮೈಭಾರ ಹೊರುವ ಕೆಲಸ ಅದಕ್ಕಿಲ್ಲ. ಹೆದರಬೇಡಿ ಅಂತ ಧೈರ್ಯ ಹೇಳುವವರ ಮಾತೆಲ್ಲ ಇಲ್ಲಿಂದ ಬಂದದ್ದು. ನನ್ನ ಹೆದರಿಕೆ ಮೂಳೆಯದ್ದಲ್ಲ, ಅದರ ಸುತ್ತ ಇರುವುದರದ್ದು.

ರೇಡಿಯಲ್ ನರ ಅಂತ ಒಂದು ಉಂಟು. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಅಂಟಿಕೊಂಡ ಹಾಗೆ, ರಟ್ಟೆಯ ಮೂಳೆಯ ಹಿಂಬದಿಯಲ್ಲಿ ಅದಕ್ಕೆ ತಾಗಿಕೊಂಡೇ ಸುತ್ತಿ ಇಳಿಯುತ್ತದೆ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಸೀಟಿನ ಮೇಲೆ ತೋಳು ಜೋತು ಹಾಕಿ ಮಲಗಿದರೂ ಒತ್ತಿಹೋಗುವಷ್ಟು ನಾಜೂಕು. ಸರಳು ತೂರಿಸುವಾಗ ಅದಕ್ಕೆ ಪೆಟ್ಟಾಗಬಹುದು, ಎಳೆಯುವಾಗಲೂ ಆಗಬಹುದು. ಪೆಟ್ಟಾದರೆ ಏನಾಗುತ್ತದೆ ಗೊತ್ತಾ? ಬೈಕಿನಿಂದ ಬಿದ್ದು ರಟ್ಟೆ ಮುರಿದು, ಇದೇ ನರಕ್ಕೆ ಪೆಟ್ಟಾದ ಒಬ್ಬರು ನಮ್ಮಲ್ಲಿ ಬರುತ್ತಿದ್ದರು. ಮೀನಿನ ಬೋಟಿನಲ್ಲಿ ಬಲೆ ಎಳೆದ ಕೈ. ಮುಷ್ಟಿ ಕಟ್ಟಲು ಆಗುತ್ತಿತ್ತು, ಬಿಡಿಸಲು ಆಗುತ್ತಿರಲಿಲ್ಲ. ಮಣಿಕಟ್ಟು ಕೆಳಗೆ ನೇತಾಡುತ್ತಿತ್ತು. ಚಾ ಕುಡಿಯಬೇಕಾದರೆ ಎಡಗೈಯಿಂದ ಬಲಗೈಯ ಬೆರಳು ಒಂದೊಂದೇ ಬಿಡಿಸಿ, ನಡುವೆ ಲೋಟ ತುರುಕಿಕೊಳ್ಳುತ್ತಿದ್ದರು. ಮಣಿಕಟ್ಟಿಗೆ ಸ್ಪ್ಲಿಂಟ್ ಕಟ್ಟಿ ತಿಂಗಳುಗಟ್ಟಲೆ ಕಾದೆವು. ನರ ಮತ್ತೆ ಬೆಳೆಯುವುದೂ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಅವರದ್ದು ಸರಿಯಾಯಿತು. ಎಲ್ಲರದ್ದೂ ಆಗುವುದಿಲ್ಲ. ಅವರಿಗೆ ಒಂದು ಒಳ್ಳೆಯ ಕೈಯಾದರೂ ಇತ್ತು.

ಎರಡನೆಯದು ಮೊಣಕೈ. ಮೂಳೆ ಉದ್ದವಾದರೂ ಸ್ನಾಯು ಅಷ್ಟು ಬೇಗ ಉದ್ದವಾಗುವುದಿಲ್ಲ. ಬಿಗಿದು ಮೊಣಕೈಯನ್ನು ಮಡಚಿದಲ್ಲೇ ಹಿಡಿದುಕೊಳ್ಳುತ್ತದೆ. ಪೂರ್ತಿ ನೇರವಾಗದ ಮೊಣಕೈ ಅಂದರೆ ಚಾಚುವಾಗ ಉದ್ದವೂ ಕಮ್ಮಿ. ಸುರಿದ ದುಡ್ಡಿನ ಒಂದು ಪಾಲು ಅಲ್ಲೇ ಹೋಯಿತು, ಅಲ್ವಾ? ಗಟ್ಟಿ ಹಿಡಿದ ಮೊಣಕೈಯನ್ನು ಐದು ಡಿಗ್ರಿ ನೇರ ಮಾಡಲು ನಾವು ವಾರಗಟ್ಟಲೆ ಒದ್ದಾಡುತ್ತೇವೆ, ಪೇಶಂಟ್ ಹಲ್ಲು ಕಚ್ಚಿ ಅಳುತ್ತಾರೆ.

ಇದೇ ಆಪರೇಷನ್ ನಿಜವಾಗಿ ಬೇಕಾದವರೂ ಇದ್ದಾರೆ. ಹುಟ್ಟಿನಿಂದಲೇ ಕುಳ್ಳಾಗಿಸುವ ಅಕಾಂಡ್ರೊಪ್ಲೇಸಿಯಾ ಇರುವವರಿಗೆ ಕೈ ಹಿಂದೆ ತಲುಪುವುದಿಲ್ಲ, ಶೌಚ ಮಾಡಿ ತೊಳೆದುಕೊಳ್ಳುವುದೇ ಕಷ್ಟ. ಚಿಕ್ಕಂದಿನಲ್ಲಿ ಮೂಳೆಗೆ ಕೀವು ತುಂಬಿ ಒಂದು ಕೈಯ ಬೆಳವಣಿಗೆ ನಿಂತವರೂ ಉಂಟು. ಅಪಾಯ ಅವರಿಗೂ ಇದೆ, ಆದರೆ ಬದಲಿಗೆ ಸ್ವಂತ ಕೆಲಸ ತಾವೇ ಮಾಡಿಕೊಳ್ಳುವ ಕೈ ಸಿಗುತ್ತದೆ. ಇನ್ನೊಂದು ಮಾತು: ಅಕಾಂಡ್ರೊಪ್ಲೇಸಿಯಾದವರ ಕೈಯಲ್ಲಿ ಮೂಳೆಗೆ ಹೋಲಿಸಿದರೆ ಚರ್ಮ, ಸ್ನಾಯು ಸಡಿಲ ಇರುತ್ತದೆ, ಎಳೆತ ತಾಳುತ್ತದೆ. ನಿಮ್ಮದು ಮೂಳೆಯ ಅಳತೆಗೇ ಹೊಲಿದ ಸ್ನಾಯು. ಅವರ ಫಲಿತಾಂಶ ನೋಡಿ ನೀವು ಧೈರ್ಯ ತಂದುಕೊಳ್ಳುವ ಹಾಗಿಲ್ಲ.

ಚೌಕಟ್ಟು ಇಲ್ಲದೆ, ಮೂಳೆಯ ಒಳಗೇ ಕೂರಿಸಿ ಹೊರಗಿನಿಂದ ಅಯಸ್ಕಾಂತದಲ್ಲಿ ಉದ್ದ ಮಾಡುವ ರಾಡ್ ಬಂದಿದೆ. ಸರಳಿನ ಗಾಯದ ರಗಳೆ ಅದರಲ್ಲಿಲ್ಲ. ಆದರೆ ರಟ್ಟೆಗೆ ಅದನ್ನು ಮೇಲಿನಿಂದ ಹಾಕುವಾಗ ಭುಜದ ಸ್ನಾಯುಗಳ ನಡುವಿನಿಂದಲೇ ಇಳಿಸಬೇಕು, ಭುಜ ನೋಯುವುದುಂಟು. ನರದ ಎಳೆತ ಹೇಗೂ ತಪ್ಪಲಿಲ್ಲ. ಈ ಜಾತಿಯದ್ದೇ ಸ್ಟ್ರೈಡ್ ಅನ್ನುವ ರಾಡನ್ನು ತುಕ್ಕಿನ ತೊಂದರೆಯಿಂದ 2021ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು.

ದಿನನಿತ್ಯದ್ದನ್ನೂ ಸ್ವಲ್ಪ ಯೋಚಿಸಿ. ಎರಡೂ ಕೈಗೆ ಒಟ್ಟಿಗೆ ಹಾಕಿಸಿದರೆ ಅನ್ನ ಕಲಸುವುದು, ಸ್ನಾನ, ಟಾಯ್ಲೆಟ್, ಎಲ್ಲದಕ್ಕೂ ಅಮ್ಮನೋ ಅಣ್ಣನೋ ಬೇಕು. ಒಂದಾದ ಮೇಲೆ ಒಂದು ಮಾಡಿಸಿದರೆ ಒಂದು ವರ್ಷ ಹೋಯಿತು. ಸರಳು ಚರ್ಮ ಹೊಕ್ಕ ಪ್ರತಿಯೊಂದು ಜಾಗವನ್ನೂ ಸಲೈನ್‌ನಲ್ಲಿ ಒರೆಸಿ ಗಾಜ್ ಬಟ್ಟೆ ಸುತ್ತಬೇಕು. ನಮ್ಮ ಊರಿನ ಸೆಕೆಗೆ ಆ ಗಾಜ್ ಮಧ್ಯಾಹ್ನಕ್ಕೇ ಬೆವರಿನಲ್ಲಿ ಒದ್ದೆ. ಜೂನ್ ಬಂದರೆ ಬಟ್ಟೆಯೂ ಒಣಗುವುದಿಲ್ಲ. ಕೀವಾಗುವುದು ಇಂಥ ಕಡೆಯೇ. ಖರ್ಚೆಲ್ಲ ನಿಮ್ಮದೇ. ಚಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ಆರೋಗ್ಯ ವಿಮೆ ಸಿಗುವುದಿಲ್ಲ.

ಊರಿನಲ್ಲಿ ಮಾಡುತ್ತಾರಾ ಅಂದರೆ, ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳ ಮೂಳೆ ವಿಭಾಗಕ್ಕೆ ಇಲಿಜರೋವ್ ಹೊಸತಲ್ಲ, ಮುರಿದು ಕೂಡದ ಮೂಳೆಗೆ, ಸೊಟ್ಟ ಕಾಲಿಗೆ ಹಾಕುತ್ತಾರೆ. ಚಂದಕ್ಕೆ ಕೈ ಉದ್ದ ಮಾಡಿ ಅಂತ ಕೇಳಿದರೆ ಡಾಕ್ಟರು ಮೊದಲು ಮನೋವೈದ್ಯರ ಹತ್ತಿರ ಕಳಿಸಬಹುದು. ಬೇಜಾರು ಮಾಡಿಕೊಳ್ಳಬೇಡಿ, ಹಲವು ಕಡೆ ಹೀಗೆ ಕಳಿಸುವ ಪದ್ಧತಿ ಇದೆ. ಕನ್ನಡಿ ಎದುರು ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಕೈ ಕಾಣಬಾರದು ಅಂತ ಫೋಟೋ ತಪ್ಪಿಸುತ್ತೀರಾ ಅಂತ ಕೇಳುತ್ತಾರೆ. ಸುಮ್ನೆ ಇದ್ದದ್ದು ಇದ್ದ ಹಾಗೆ ಹೇಳಿ.

ಅಷ್ಟಾಗಿಯೂ ಸರ್ಜನ್ ಹತ್ತಿರ ಹೋದರೆ ಒಂದೇ ಪ್ರಶ್ನೆ ಗಟ್ಟಿಯಾಗಿ ಕೇಳಿ: ಎತ್ತರ ಸರಿ ಇರುವ, ಆರೋಗ್ಯ ಇರುವ ಎಷ್ಟು ಜನರ ರಟ್ಟೆಯನ್ನು ನೀವೇ ಉದ್ದ ಮಾಡಿದ್ದೀರಿ, ಅವರಲ್ಲಿ ಎಷ್ಟು ಜನರ ಮೊಣಕೈ ಈಗ ಪೂರ್ತಿ ನೇರವಾಗುತ್ತದೆ? ಕಾಲಿನ ಲೆಕ್ಕ ಹೇಳಲು ಶುರು ಮಾಡಿದರೆ ಫೈಲ್ ಎತ್ತಿಕೊಂಡು ಮನೆಗೆ ಬನ್ನಿ.