ಡಾಲಿಯ ಪೆನ್ಸಿಲ್ ಸಹಿ ಇರುವ ಡಾಂಟೆ ಪ್ರಿಂಟ್ ಕೊಳ್ಳಬಹುದಾ? ಡೋರೆಯದಕ್ಕಿಂತ ಅದು ಒಳ್ಳೇ ಹೂಡಿಕೆಯಾ?

‘ಪೆನ್ಸಿಲ್ ಸಹಿ ಇದೆ, ಜೊತೆಗೆ ಸರ್ಟಿಫಿಕೇಟೂ ಕೊಡ್ತಾರೆ’ ಅಂತ ನೀವು ಬರೆದದ್ದು ಓದಿ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಹತ್ತು ವರ್ಷದ ಹಿಂದೆ ನಾನೂ ಇದೇ ಮಾತನ್ನು ಹೆಂಡತಿಗೆ ಫೋನಿನಲ್ಲಿ ಹೇಳಿದ್ದೆ. ಗೊತ್ತಿಲ್ಲದವರಿಗೆ ಒಂದು ಮಾತು: ಡಾಂಟೆ ಇಟಲಿಯ ಹಳೇ ಕವಿ. ನರಕ, ಪರ್ಗೆಟೋರಿಯೋ, ಸ್ವರ್ಗ ಅಂತ ಮೂರು ಭಾಗ ಇರುವ ಅವನ ಕಾವ್ಯಕ್ಕೆ ಸ್ಪೇನಿನ ಕಲಾವಿದ ಡಾಲಿ ಚಿತ್ರ ಬರೆದ. ಅವನಿಗಿಂತ ಸುಮಾರು ನೂರು ವರ್ಷ ಮೊದಲೇ ಫ್ರಾನ್ಸಿನ ಡೋರೆಯೂ ಬರೆದಿದ್ದ.

ಆಗ ಜರ್ಮನಿಯಲ್ಲಿ ಕೆಲಸಕ್ಕಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಹಳೇ ಪುಸ್ತಕ, ಚಿತ್ರ ಮಾರುವ ಒಂದು ಅಂಗಡಿ. ಅದರ ಗಾಜಿನ ಹಿಂದೆ ಒಬ್ಬ ದೇವದೂತ. ರೆಕ್ಕೆಗಳಿವೆ, ಆದರೆ ಮೈಯಲ್ಲೆಲ್ಲ ಮೇಜಿನ ಡ್ರಾಯರ್‌ಗಳು. ತಲೆ ಬಗ್ಗಿಸಿ ತನ್ನದೇ ಎದೆಯ ಡ್ರಾಯರ್ ಒಳಗೆ ಇಣುಕುತ್ತಿದ್ದಾನೆ. ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವ ನಮ್ಮಪ್ಪನ ಹಾಗೇ ಕಂಡ. ಒಂದು ವಾರ ದಿನಾ ನಿಂತು ನೋಡಿದೆ.

ಅದು ಡಾಂಟೆಯ ‘ಡಿವೈನ್ ಕಾಮಿಡಿ’ಗೆ ಡಾಲಿ ಮಾಡಿದ ಚಿತ್ರ, ಪರ್ಗೆಟೋರಿಯೋದ ಮೊದಲ ಸರ್ಗದ್ದು. ಪರ್ಗೆಟೋರಿಯೋ ಅಂದರೆ ನರಕವೂ ಅಲ್ಲ, ಸ್ವರ್ಗವೂ ಅಲ್ಲ, ಪಾಪ ತೊಳೆದುಕೊಳ್ಳುತ್ತಾ ಹತ್ತುವ ಬೆಟ್ಟ. ಡಾಂಟೆ ಹುಟ್ಟಿ 700 ವರ್ಷ ತುಂಬುವ 1965ಕ್ಕೆ ಅಂತ ಇಟಲಿ ಸರ್ಕಾರವೇ ಡಾಲಿಗೆ ಈ ಕೆಲಸ ಒಪ್ಪಿಸಿತ್ತು. ನಮ್ಮ ಕವಿಗೆ ಸ್ಪೇನಿನವನು ಚಿತ್ರ ಬರೆಯೋದಾ ಅಂತ ಗಲಾಟೆ ಎದ್ದು ಸರ್ಕಾರ ಕೈಬಿಟ್ಟಿತು. ಡಾಲಿ ಬಿಡಲಿಲ್ಲ. ಕಾವ್ಯದಲ್ಲಿ 100 ಸರ್ಗ, ಅವನವು 100 ಜಲವರ್ಣ. ಅವು 1960ರ ದಶಕದ ಮೊದಲಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದವು. ಅದಕ್ಕೆ ಕೆತ್ತಿದ ಮರದ ಅಚ್ಚುಗಳು ಸುಮಾರು 3,500. ಒಂದು ಚಿತ್ರಕ್ಕೆ ಸರಾಸರಿ 35! ಕೆತ್ತಿದ್ದು ಡಾಲಿ ಅಲ್ಲ, ಕಸುಬುದಾರರು.

ಇದೆಲ್ಲ ನನಗೆ ಆಗಲೇ ಗೊತ್ತಿತ್ತು ನೋಡಿ. ಓದಿಕೊಂಡೇ ಹೋಗಿದ್ದೆ. ಆದರೂ ಬಿದ್ದೆ.

ಅಂಗಡಿಯವನು ಅದೇ ದೇವದೂತನ ಎರಡು ಹಾಳೆ ತಂದು ಮೇಜಿನ ಮೇಲಿಟ್ಟ. ಒಂದು 160 ಯೂರೋ. ಇನ್ನೊಂದು 1,100. ಚಿತ್ರ ಒಂದೇ, ಕಾಗದ ಒಂದೇ. ದುಬಾರಿ ಹಾಳೆಯ ಬಲಗಡೆ ಕೆಳಗೆ ಪೆನ್ಸಿಲಿನಲ್ಲಿ ‘ಡಾಲಿ’ ಅಂತ ಬಳುಕುವ ಸಹಿ, ಅಷ್ಟೇ. ಬಣ್ಣ ನಿಜ ಹೇಳಬೇಕೆಂದರೆ 160ರದ್ದೇ ಚೆನ್ನಾಗಿತ್ತು. ಆದರೆ ನನ್ನ ಕಣ್ಣು ಆ ಸಹಿಯಿಂದ ಏಳಲೇ ಇಲ್ಲ. ಅವನ ಕೈ ಈ ಕಾಗದ ಮುಟ್ಟಿದೆ ಅನ್ನೋ ಹುಚ್ಚು. 1,100 ಕೊಟ್ಟೆ. ಅಂದರೆ 160 ಚಿತ್ರಕ್ಕೆ, 940 ಪೆನ್ಸಿಲಿಗೆ. ಈ ಲೆಕ್ಕ ಅವತ್ತು ಅಂಗಡಿಯಲ್ಲೇ ಹಾಕಬಹುದಿತ್ತು. ಐದನೇ ಕ್ಲಾಸಿನ ಕಳೆಯುವ ಲೆಕ್ಕ.

ನಾಲ್ಕು ವರ್ಷದ ಮೇಲೆ ಊರಿಗೆ ವಾಪಸ್ ಹೊರಟಾಗ ದುಡ್ಡು ಬೇಕಾಯಿತು. ಹರಾಜಿಗೆ ಚಿತ್ರ ಪರೀಕ್ಷೆ ಮಾಡುವ ಒಬ್ಬ ಹೆಂಗಸಿನ ಹತ್ತಿರ ಒಯ್ದೆ. ಆಕೆ ದೇವದೂತನ ಕಡೆ ನೋಡಲೇ ಇಲ್ಲ. ನೇರ ಭೂತಗನ್ನಡಿ ಇಟ್ಟದ್ದು ಸಹಿಯ ಮೇಲೆ. ಹಾಳೆಯ ಮೂಲೆಯಲ್ಲಿ ಉಗುರಿನಷ್ಟು ಉದ್ದದ ಒಂದು ಹಳೇ ಮಡಿಕೆ ಇತ್ತು. ಪೆನ್ಸಿಲ್ ಗೆರೆ ಅದರ ಮೇಲೆ ಹಾಯುವಾಗ ಎಡವಿತ್ತು, ಸೀಸದ ಪುಡಿ ಆ ಗೀರಿನೊಳಗೆ ಇಳಿದು ಕಪ್ಪಾಗಿತ್ತು. ನನಗೂ ನೋಡಲು ಕೊಟ್ಟರು. ಮಡಿಕೆ ಮೊದಲು, ಸಹಿ ಆಮೇಲೆ. ಹಾಳೆ ಮುದುರಿದ ಮೇಲೆ ಯಾರೋ ಕೂತು ಬರೆದದ್ದು. ಆ ಯಾರೋ ಡಾಲಿಯೇ ಅನ್ನಲು ಇರುವ ಆಧಾರ ಸರ್ಟಿಫಿಕೇಟ್ ಒಂದೇ. ಅದನ್ನು ಬರೆದವನು ಯಾರು? ಮಾರಿದವನೇ. ಬಂಗಾರದ ಬಣ್ಣದ ಸೀಲು ಬೇರೆ. ನಾಲ್ಕು ವರ್ಷ ಅದನ್ನು ಪ್ಲಾಸ್ಟಿಕ್ ಹಾಕಿ ಪಾಸ್‌ಪೋರ್ಟ್ ಜೊತೆ ಇಟ್ಟಿದ್ದೆ!

ಸಹಿ ನಿಜವಾಗಿದ್ದರೂ ಏನು ಬಂತು ಹೇಳಿ. ಡಾಲಿ ಖಾಲಿ ಕಾಗದಕ್ಕೇ ಸಹಿ ಹಾಕಿ ಕೊಡುತ್ತಿದ್ದ ಮನುಷ್ಯ, ಅದರ ಮೇಲೆ ಆಮೇಲೆ ಯಾರು ಏನು ಬೇಕಾದರೂ ಅಚ್ಚು ಹಾಕಬಹುದು. 1974ರಲ್ಲಿ ಫ್ರಾನ್ಸ್, ಸ್ಪೇನ್ ನಡುವಿನ ಪುಟ್ಟ ದೇಶ ಅಂಡೋರಾದ ಗಡಿಯಲ್ಲಿ ಫ್ರೆಂಚರು ಒಂದು ಲಾರಿ ತಡೆದಾಗ ಅದರಲ್ಲಿ ಸಿಕ್ಕಿದ್ದು ಅವನ ಸಹಿ ಇದ್ದ 40,000 ಖಾಲಿ ಹಾಳೆ.

ಈಗ ನಿಮ್ಮ ಪ್ರಶ್ನೆ. ಹೂಡಿಕೆ ಅಂತಾದರೆ ಎರಡೂ ಬೇಡ, ಎಫ್‌ಡಿ ಇಡಿ. ಸಾವಿರಗಟ್ಟಲೆ ಪ್ರತಿ ಅಚ್ಚಾದ ಪುಸ್ತಕದ ಹಾಳೆ ಇದು, ನಿಮ್ಮ ಮನೆಗೆ ಬಂತು ಅಂತ ಅಪರೂಪ ಆಗಿಬಿಡಲ್ಲ. ಗೋಡೆಗೆ ಬೇಕು, ದಿನಾ ನೋಡಬೇಕು ಅಂದರೆ ಸಹಿ ಇಲ್ಲದ ಡಾಲಿ ಕೊಳ್ಳಿ, ಇಲ್ಲ ಡೋರೆ ಕೊಳ್ಳಿ. ನಾನಾದರೆ ಡೋರೆ. ಪ್ರಕಾಶಕರು ಹಿಂದೆಮುಂದೆ ನೋಡಿದಾಗ 1861ರಲ್ಲಿ ತನ್ನ ಜೇಬಿನಿಂದ ಖರ್ಚು ಹಾಕಿ ನರಕದ ಭಾಗ ಅಚ್ಚು ಹಾಕಿಸಿದವನು, ಆಗ ಅವನಿಗೆ 29 ವರ್ಷ. ಉಳಿದೆರಡು ಭಾಗ 1868ರಲ್ಲಿ ಬಂದವು. ‘ಡೋರೆ ಕೈಯಾರೆ ಕೆತ್ತಿದ ಒರಿಜಿನಲ್’ ಅಂತ ಯಾರಾದರೂ ಅಂದರೆ ಮಾತ್ರ ಚಪ್ಪಲಿ ಹಾಕಿಕೊಂಡು ಹೊರಡಿ. ಅವನು ಮರದ ಮೇಲೆ ಚಿತ್ರ ಬರೆಯುತ್ತಿದ್ದ, ಕೆತ್ತುತ್ತಿದ್ದವರು ಬೇರೆಯವರು. ಎಷ್ಟೋ ಹಾಳೆಗಳಲ್ಲಿ ಒಂದು ಮೂಲೆಯಲ್ಲಿ ಡೋರೆ ಹೆಸರಿದ್ದರೆ ಇನ್ನೊಂದು ಮೂಲೆಯಲ್ಲಿ ಪಿಸಾನ್ ಅನ್ನೋ ಕೆತ್ತನೆಗಾರನ ಹೆಸರಿರುತ್ತದೆ. ಕೊಳ್ಳೋ ಮೊದಲು ಭೂತಗನ್ನಡಿ ಹಿಡಿದು ನೋಡಿ. ಕೆತ್ತನೆಯಾದರೆ ಗೆರೆಗಳು ಕಾಣಬೇಕು. ನ್ಯೂಸ್‌ಪೇಪರ್ ಫೋಟೋ ಥರ ಚುಕ್ಕಿ ಚುಕ್ಕಿ ಕಂಡರೆ ಅದು ಆಮೇಲಿನ ನಕಲು.

ನರಕದ ಚಿತ್ರ ಮನೆಯಲ್ಲಿ ಹಾಕಬಹುದಾ ಅಂತಲೂ ಕೇಳಿದ್ದೀರಿ. ಯಮದೂತರು ಎಣ್ಣೆ ಕೊಪ್ಪರಿಗೆಯಲ್ಲಿ ಜನರನ್ನು ಬೇಯಿಸುವ ಪಟ ನಮ್ಮಜ್ಜಿ ಮನೆಯಲ್ಲಿ ಊಟದ ಜಾಗದ ಎದುರಿಗೇ ಇತ್ತು. ಯಾರೂ ಒಂದು ತುತ್ತು ಕಡಿಮೆ ತಿನ್ನಲಿಲ್ಲ.

ದೇವದೂತ ಈಗ ನಮ್ಮ ಹಾಲ್‌ನಲ್ಲಿದ್ದಾನೆ. ಒಮ್ಮೆ ಫ್ರೇಮಿಂದ ತೆಗೆದು, ಆ ಸಹಿ ಅಳಿಸಿಬಿಡೋಣ ಅಂತ ರಬ್ಬರ್ ಹಿಡಿದು ಕೂತಿದ್ದೆ. ಹೆಂಡತಿ ಕೈಯಿಂದ ರಬ್ಬರ್ ಕಸಿದುಕೊಂಡಳು. ‘940 ಯೂರೋ ರೀ ಅದು, ಇರಲಿ ಬಿಡಿ.’